ಖಾಲಿ ತಕ್ಕಡಿಯ ಮೇಲೆ 120 ಗ್ರಾಂ

ಡಿಸೆಂಬರ್ ಎರಡನೇ ವಾರ, ಬೆಳಿಗ್ಗೆ ಆರು ಮುಕ್ಕಾಲಿಗೆ ಫೋನ್ ಬಂತು. ಕೈವಾರದ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿ ಸೆಕ್ರೆಟ್ರಿ.

"ಅಮ್ಮಾ, ನೀವು ರಿಪೇರಿ ಮಾಡಿಕೊಟ್ಟ ತಕ್ಕಡಿ ಮೇಲೆ ಏನೂ ಇಟ್ಟಿಲ್ಲ, 120 ಗ್ರಾಂ ತೋರಿಸ್ತಾ ಐತೆ. ಟೇರ್ ಒತ್ತಿದ್ರೆ ಸೊನ್ನೆ ಆಗ್ತೈತೆ. ಸ್ವಲ್ಪ ಹೊತ್ತಿಗೆ ಮತ್ತೆ ಏರ್ತೈತೆ. ಜನ ಸಾಲಾಗಿ ನಿಂತವ್ರೆ."

ಆ ತಕ್ಕಡಿಯನ್ನು ನಾನು ಕೊಟ್ಟು ಮೂರು ದಿನ ಆಗಿತ್ತು ಅಷ್ಟೆ. ಇಲಿ ಕೇಬಲ್ ಕಡಿದು, ತಂತಿಗಳು ಒಂದಕ್ಕೊಂದು ತಾಗಿ ಒಳಗಿನ ಚಿಪ್ ಹೋಗಿತ್ತು. ಹೊಸ ಚಿಪ್ ಹಾಕಿದ್ದೆ. ತೂಕವನ್ನು ಕರೆಂಟಿನ ಸಿಗ್ನಲ್ ಮಾಡುವ ಭಾಗಕ್ಕೆ ಲೋಡ್ ಸೆಲ್ ಅನ್ನುತ್ತಾರೆ. ಅದರ ತಂತಿ ಬಂದು ಸೇರುವ ಕನೆಕ್ಟರ್ ಕೂಡ ಬದಲಾಯಿಸಿದ್ದೆ. ಅಂಗಡಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ 20 ಕೆಜಿ ತೂಕದ ಕಲ್ಲುಗಳನ್ನು ಒಂದೊಂದಾಗಿ ಇಟ್ಟು ನೋಡಿದಾಗ ಹತ್ತು ಗ್ರಾಂ ಕೂಡ ಆಚೀಚೆ ಆಗಿರಲಿಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ತಪಾಸಣೆಯಾಗಿ ಮುದ್ರೆ ಬಿದ್ದ ಮೇಲೆಯೇ ಡೇರಿಗೆ ಹೋಗಿತ್ತು.

ಅವತ್ತು ನಾನು ಹಳ್ಳಿಗೆ ಹೋಗುವ ಹೊತ್ತಿಗೆ ಹನ್ನೊಂದಾಗಿತ್ತು. ಒಳ್ಳೆ ಬಿಸಿಲು. ತಕ್ಕಡಿ ಸೊನ್ನೆಯಲ್ಲಿ ಅಲ್ಲಾಡದೆ ಕೂತಿತ್ತು. ಕರೆಂಟಿನ ಏರಿಳಿತ ಇರಬಹುದು, ನಾಳೆ ಬರೀ ಬ್ಯಾಟರಿ ಮೇಲೆ ನಡೆಸಿ ನೋಡಿ ಎಂದು ಹೇಳಿ ವಾಪಸ್ ಬಂದೆ. ಆ ಮಾತು ಹೇಳಿದ್ದಕ್ಕೆ ಇವತ್ತಿಗೂ ಬೇಜಾರಿದೆ. ಕಣ್ಣಾರೆ ನೋಡದೆ ಕರೆಂಟಿನ ಮೇಲೆ ಹಾಕಿಬಿಟ್ಟೆ. ಮರುದಿನ ಬ್ಯಾಟರಿ ಮೇಲೂ ಅದೇ ಕಥೆ ಆಯಿತು.

ಹಾಗಾಗಿ ಮೂರನೇ ದಿನ ಬೆಳಿಗ್ಗೆ ಐದಕ್ಕೆ ಚಿಂತಾಮಣಿ ಬಿಟ್ಟೆ. ನಮ್ಮ ಕಡೆ ಆ ಕಾಲದ ಮಂಜು ಹೇಗಿರುತ್ತದೆ ಎಂದು ಗೊತ್ತಿರುವವರಿಗೆ ಗೊತ್ತು. ಹೆಡ್‌ಲೈಟಿನ ಮುಂದೆ ಬಿಳಿ ಗೋಡೆ. ಡೇರಿ ಮುಟ್ಟುವ ಹೊತ್ತಿಗೆ ಸ್ವೆಟರಿನ ತೋಳು ಒದ್ದೆಯಾಗಿತ್ತು. ಅಲ್ಲಿ ನೆಲ ತೊಳೆದಿದ್ದರು. ಕ್ಯಾನು ತೊಳೆದ ಬಿಸಿನೀರಿನ ಹಬೆ ಇನ್ನೂ ಆಡುತ್ತಿತ್ತು. ಬಾಗಿಲು ತೆರೆದೇ ಇತ್ತು. ತಕ್ಕಡಿ ಹಚ್ಚಿದಾಗ ಸೊನ್ನೆ. ಐದು ನಿಮಿಷಕ್ಕೆ 20. ಆಮೇಲೆ 40. ಕಾಲು ಗಂಟೆಗೆ 70 ದಾಟಿತು. ಬಿಸಿಲು ಬಂದ ಮೇಲೆ ಅದೇ ಮೆಲ್ಲಗೆ ಇಳಿಯಿತು. ಟೇರ್ ಒತ್ತಿ ಸೊನ್ನೆ ಮಾಡಿಟ್ಟಿದ್ದರಿಂದ ಈಗ ಸೊನ್ನೆಗಿಂತ ಕೆಳಗೆ ಹೋಯಿತು.

ಅಂದರೆ ಮೊದಲು ಬಂದವರ ಹಾಲು ಜಾಸ್ತಿ ತೂಗಿತ್ತು, ಕೊನೆಗೆ ಬಂದವರದ್ದು ಕಡಿಮೆ. ಸೆಕ್ರೆಟ್ರಿಗೆ ಇದು ಗೊತ್ತಾಗಿದ್ದು ಪುಸ್ತಕದ ಲೆಕ್ಕದಿಂದ. ತಂಪು ಕೇಂದ್ರದಲ್ಲಿ ತೂಗಿದ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಮೂರು ಕೆಜಿ ಚಿಲ್ಲರೆ ವ್ಯತ್ಯಾಸ ಬಂದಿತ್ತು. ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದರು. ಒಂದೇ ಹಸು, ಹೊತ್ತಿಗೆ ಎರಡು ಲೀಟರ್ ಹಾಲು. ಅವರಿಗೆ 100 ಗ್ರಾಂ ಹೋದರೆ ಇಪ್ಪತ್ತರಲ್ಲಿ ಒಂದು ಪಾಲು ಹೋದ ಹಾಗೆ. ಅವರು ಅಷ್ಟು ದೂರ ನಡೆದು ಬರುವುದು ಆ ಪಾಲಿಗಾಗಿಯೇ ಅಲ್ವಾ? ನಾನು ತಂದಿದ್ದ ಮುದ್ರೆಯಾದ ಇನ್ನೊಂದು ತಕ್ಕಡಿಯನ್ನು ಅಲ್ಲಿಟ್ಟು, ಇದನ್ನು ಹೊತ್ತುಕೊಂಡು ಬಂದೆ.

ಅಂಗಡಿಯಲ್ಲಿ ಮುಚ್ಚಳ ಬಿಚ್ಚಿ, ಟಾರ್ಚನ್ನು ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿದೆ. ಕನೆಕ್ಟರಿನ ನಾಲ್ಕು ಬೆಸುಗೆ ಬಿಂದುಗಳ ಸುತ್ತ, ಚಿಪ್ಪಿನ ಕಾಲುಗಳ ನಡುವೆ, ತೆಳ್ಳಗೆ ಬಿಳಿ ಪೊರೆ. ರಂಗೋಲಿ ಒರೆಸಿದ ನೆಲದಲ್ಲಿ ಉಳಿಯುತ್ತದಲ್ಲ, ಹಾಗೆ. ಅದು ಫ್ಲಕ್ಸ್, ಬೆಸುಗೆ ಚೆನ್ನಾಗಿ ಹಿಡಿಯಲಿ ಎಂದು ಹಚ್ಚುವ ಪದಾರ್ಥ. ನಾನೇ ಹಚ್ಚಿದ್ದು, ನಾನೇ ಒರೆಸಿದ್ದು.

ನಾನು ಇದರಲ್ಲಿ ಹೊಸಬಳಲ್ಲ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು. ಏಳು ವರ್ಷ ಬೆಂಗಳೂರಿನ ಒಂದು ಕಂಪನಿಯಲ್ಲಿ ಬೋರ್ಡ್ ಜೋಡಿಸುವ ಲೈನಿನಲ್ಲಿ ಕೈಬೆಸುಗೆ ಮಾಡಿದ್ದೇನೆ. ಆಮೇಲೆ ಊರಿಗೆ ಬಂದು ಅಪ್ಪನ ತಕ್ಕಡಿ ಅಂಗಡಿ ಸೇರಿದೆ. ಅಪ್ಪ ತುಲಾದಂಡದ ತಕ್ಕಡಿ ಕಾಲದವರು. ರಿಪೇರಿ ಲೈಸೆನ್ಸ್ ಅವರದು. ಎಲೆಕ್ಟ್ರಾನಿಕ್ ಕೆಲಸ ನನ್ನದು.

ಲೈನಿನಲ್ಲಿ ನಮಗೆ ಒಂದು ಕಟ್ಟುನಿಟ್ಟಿನ ಮಾತಿತ್ತು. ನೋ-ಕ್ಲೀನ್, ಅಂದರೆ ತೊಳೆಯುವ ಅಗತ್ಯವಿಲ್ಲದ, ಫ್ಲಕ್ಸಿನ ಬೋರ್ಡನ್ನು ಬೆಸುಗೆ ಆದ ಮೇಲೆ ಒರೆಸಬಾರದು. ತೊಳೆಯಬೇಕಾದ ಬೋರ್ಡ್‌ಗಳು ಬೇರೆ ಟ್ರೇಯಲ್ಲಿ ಹೋಗುತ್ತಿದ್ದವು, ಅವನ್ನು ಮಿಷನ್ ತೊಳೆಯುತ್ತಿತ್ತು. ಚಂದ ಕಾಣಲಿ ಎಂದು ಯಾರಾದರೂ ಬಡ್ಸ್ ತಗೊಂಡು ಒರೆಸಿದರೆ ಬೈಗುಳ ಬೀಳುತ್ತಿತ್ತು. ಏಕೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂಗಡಿಗೆ ಬಂದ ಮೇಲೆ ಗಿರಾಕಿಗಳು ಬೋರ್ಡ್ ನೋಡುತ್ತಾರೆ, ಹಳದಿ ಅಂಟು ಕಂಡರೆ ಕೆಲಸ ನೀಟಾಗಿಲ್ಲ ಅನ್ನುತ್ತಾರೆ. ಹಾಗಾಗಿ ಒರೆಸುವುದು ಅಭ್ಯಾಸವಾಯಿತು. ಕಾರಣ ಗೊತ್ತಿಲ್ಲದ ನಿಯಮ ಎಷ್ಟು ಸುಲಭವಾಗಿ ಬಿಟ್ಟುಹೋಗುತ್ತದೆ ನೋಡಿ.

ಈಗ ಆ ಕಾರಣ ಹೇಳುತ್ತೇನೆ. ನಮ್ಮ ಅಂಗಡಿಗೆ ಐಟಿಐ ಮುಗಿಸಿ ಬರುವ ಹುಡುಗರಿಗೂ ಇದನ್ನೇ ಹೇಳುತ್ತಿದ್ದೇನೆ.

ತಾಮ್ರ ಗಾಳಿಗೆ ಬಿಟ್ಟರೆ ಅದರ ಮೇಲೊಂದು ಕಿಲುಬಿನ ಪದರ ಕೂರುತ್ತದೆ. ನಾವು ಬಳಸುವ ಸೋಲ್ಡರ್, ಅಂದರೆ ಬೆಸುಗೆಯ ಲೋಹ, ತವರ ಮತ್ತು ಸೀಸದ್ದು. 63 ಪಾಲು ತವರ, 37 ಪಾಲು ಸೀಸ ಇದ್ದರೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆದರೆ ಕಿಲುಬಿನ ಮೇಲೆ ಅದು ಹಿಡಿಯುವುದಿಲ್ಲ, ತಾವರೆ ಎಲೆ ಮೇಲಿನ ನೀರಿನ ಹಾಗೆ ಉಂಡೆಯಾಗಿ ಜಾರುತ್ತದೆ. ಆ ಪದರವನ್ನು ತಿಂದು ಹಾಕುವುದೇ ಫ್ಲಕ್ಸಿನ ಕೆಲಸ. ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇವಲ್ಲ, ಅದೇ ಬಗೆ. ಹುಳಿ ಕಿಲುಬನ್ನು ತೆಗೆಯುತ್ತದೆ. ತಿಕ್ಕಿದ ಮೇಲೆ ಸರಿಯಾಗಿ ತೊಳೆಯದೆ ಇಟ್ಟರೆ ಬೆಳಿಗ್ಗೆ ಹೊತ್ತಿಗೆ ಚೊಂಬಿನ ಮೇಲೆ ಮಚ್ಚೆ ಮಚ್ಚೆ ಎದ್ದಿರುತ್ತದೆ.

ಅಪ್ಪನಿಗೆ ಇದನ್ನು ಹೇಳಿದಾಗ ಅವರಿಗೆ ಕಲಾಯಿ ನೆನಪಾಯಿತು. "ಕಲಾಯಿಯೋರು ಪಾತ್ರೆ ಕಾಸಿ ನವಸಾಗರ ಎರಚಿದ್ರೆ ಬುಸ್ ಅಂತ ಬಿಳಿ ಹೊಗೆ ಬರ್ತಿತ್ತು. ತವರ ಮುಟ್ಟಿಸಿ ಬಟ್ಟೆಯಲ್ಲಿ ಒಂದು ಸುತ್ತು ತಿರುಗಿಸಿದ್ರೆ ಪಾತ್ರೆ ತುಂಬ ಬೆಳ್ಳಗಾಗೋದು. ಆಮೇಲೆ ನೀರಲ್ಲಿ ಅದ್ದದೆ ಯಾವ ಪಾತ್ರೆನೂ ಕೈಗೆ ಕೊಡ್ತಿರಲಿಲ್ಲ" ಎಂದರು. ಆ ನವಸಾಗರವೇ ಫ್ಲಕ್ಸ್. ಅದು ಅಮೋನಿಯಂ ಕ್ಲೋರೈಡ್, ಒಂದು ಬಗೆಯ ಉಪ್ಪು. ತಗಡಿನ ಕೆಲಸಕ್ಕೆ ಸಿಗುವ ಕೆಲವು ಪೇಸ್ಟ್‌ಗಳಲ್ಲಿ ಇವತ್ತಿಗೂ ಜಿಂಕ್ ಕ್ಲೋರೈಡ್ ಇರುತ್ತದೆ. ಅಂಥದ್ದನ್ನು ಬೋರ್ಡಿನ ಹತ್ತಿರಕ್ಕೂ ತರಬೇಡಿ. ಎಷ್ಟು ತೊಳೆದರೂ ಪುಟ್ಟ ಕಾಲುಗಳ ಅಡಿಯಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ, ಕೆಲವು ತಿಂಗಳಿಗೆ ಹಸಿರು ಪುಡಿಯಾಗಿ ಹೊರಗೆ ಬರುತ್ತದೆ.

ಬೋರ್ಡಿಗೆ ಬೇಕಾದ್ದು ರೋಸಿನ್ ಇರುವ ಫ್ಲಕ್ಸ್. ರೋಸಿನ್ ಅಂದರೆ ಪೈನ್ ಮರದ ಅಂಟು. ಆ ಅಂಟನ್ನು ಕಾಸಿ ಟರ್ಪೆಂಟೈನ್ ತೆಗೆದ ಮೇಲೆ ಉಳಿಯುವ ಗಟ್ಟಿ ಪದಾರ್ಥ. ಪಿಟೀಲಿನ ಕಮಾನಿಗೆ ಉಜ್ಜುವುದೂ ಇದನ್ನೇ. ಇದರ ಗುಣ ತುಂಬಾ ಚೆನ್ನಾಗಿದೆ. ಬಿಸಿಯಾದಾಗ ಕರಗಿ ಹುಳಿಯಾಗಿ ಕೆಲಸ ಮಾಡುತ್ತದೆ, ತಣ್ಣಗಾದರೆ ಗಾಜಿನ ಹಾಗೆ ಗಟ್ಟಿಯಾಗಿ ಸುಮ್ನೆ ಕೂರುತ್ತದೆ. ಕರೆಂಟ್ ಬಿಡುವುದಿಲ್ಲ, ನೀರು ಹೀರುವುದಿಲ್ಲ. ಆದರೆ ಬರೀ ರೋಸಿನ್ನಿಗೆ ಚುರುಕು ಸಾಲದು. ಅದಕ್ಕೇ ಅದರೊಳಗೆ ಸ್ವಲ್ಪ ಆಮ್ಲ ಸೇರಿಸಿರುತ್ತಾರೆ. ಅದನ್ನು ಆಕ್ಟಿವೇಟರ್ ಅನ್ನುತ್ತಾರೆ. ನೋ-ಕ್ಲೀನ್ ಫ್ಲಕ್ಸಿನಲ್ಲಿ ಈ ಆಮ್ಲ ಕಡಿಮೆ. ಬೆಸುಗೆಯ ಬಿಸಿಗೆ ಅದರಲ್ಲಿ ಹೆಚ್ಚಿನದು ಹಾರಿಹೋಗುತ್ತದೆ ಅಥವಾ ಮುಗಿದುಹೋಗುತ್ತದೆ. ಉಳಿದ ಚೂರನ್ನು ತಣ್ಣಗಾದ ರೋಸಿನ್ ತನ್ನೊಳಗೆ ಮುಚ್ಚಿಟ್ಟುಕೊಳ್ಳುತ್ತದೆ. ಬೆಲ್ಲದ ಪಾಕದೊಳಗೆ ಸಿಕ್ಕಿಕೊಂಡ ಕಡಲೆಬೀಜದ ಹಾಗೆ.

ನಾನು ಮಾಡಿದ್ದೇನು? ಸಿರಿಂಜಿನಲ್ಲಿ ಬರುವ ಜೆಲ್ ಫ್ಲಕ್ಸನ್ನು ಧಾರಾಳವಾಗಿ ಹಿಂಡಿದೆ. ಬೆಸುಗೆ ಹಾಕುವ ಐರನ್ ತುದಿ ತಾಗಿದ್ದು ಕಾಲುಗಳಿಗೆ ಮಾತ್ರ. ಆಚೀಚೆ ಹರಡಿಕೊಂಡಿದ್ದ ಜೆಲ್‌ಗೆ ಸರಿಯಾದ ಬಿಸಿ ತಗಲಲೇ ಇಲ್ಲ, ಅದರಲ್ಲಿನ ಆಮ್ಲ ಹಾಗೇ ಉಳಿಯಿತು. ಆಮೇಲೆ ಬಡ್ಸ್ ಅದ್ದಿ ಒರೆಸಿದೆ. ಅದ್ದಿದ್ದು ಏತರಲ್ಲಿ ಗೊತ್ತಾ? ಕೊರೊನಾ ಕಾಲದಲ್ಲಿ ತಂದು ಉಳಿದಿದ್ದ ಸ್ಯಾನಿಟೈಸರಿನಲ್ಲಿ. ಅದರಲ್ಲೂ ಬೋರ್ಡ್ ತೊಳೆಯುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ತಾನೇ ಇರೋದು, ಸಾಕು ಅಂದುಕೊಂಡಿದ್ದೆ. ಸಾಕಾಗಲ್ಲ. ಕಾಲು ಭಾಗ ಅಥವಾ ಜಾಸ್ತಿ ನೀರೇ ಇರುತ್ತದೆ. ಅದಕ್ಕಿಂತ ಕೆಟ್ಟದ್ದು ಗ್ಲಿಸರಿನ್. ಕೈ ಒಣಗಬಾರದು ಎಂದು ಅದನ್ನು ಸೇರಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳಿಕೊಟ್ಟ ಸ್ಯಾನಿಟೈಸರ್ ಪಾಕದಲ್ಲಿ ಗ್ಲಿಸರಿನ್ ನೂರಕ್ಕೆ 1.45 ಪಾಲು ಇದೆ. ಆಲ್ಕೋಹಾಲ್ ಹಾರಿಹೋಗುತ್ತದೆ, ಗ್ಲಿಸರಿನ್ ಹಾರುವುದಿಲ್ಲ. ಗಾಳಿಯಲ್ಲಿನ ತೇವವನ್ನು ಎಳೆದು ಇಟ್ಟುಕೊಳ್ಳುವುದೇ ಅದರ ಗುಣ. ಕೈಗೆ ಒಳ್ಳೆಯದು, ಬೋರ್ಡಿಗೆ ಕೆಟ್ಟದ್ದು.

ಒರೆಸಿದಾಗ ರೋಸಿನ್ ಕರಗಿತು, ಬಡ್ಸಿನ ಹತ್ತಿಗೆ ಸ್ವಲ್ಪ ಹೋಯಿತು. ಮುಚ್ಚಿಟ್ಟುಕೊಂಡಿದ್ದ ಆಮ್ಲ, ಉಪ್ಪು ಬಯಲಿಗೆ ಬಿದ್ದವು. ಮೊದಲು ಒಂದು ಕಡೆ ಗಡ್ಡೆಯಾಗಿದ್ದ ಕೊಳೆ ಈಗ ನಾಲ್ಕೂ ಬಿಂದುಗಳ ನಡುವೆ ತೆಳ್ಳಗೆ ಬಳಿದ ಹಾಗಾಯಿತು. ಮೇಲೆ ಗ್ಲಿಸರಿನ್ ಪೂಸಿತು. ಒಣಗಿದ ಗಾಳಿಯಲ್ಲಿ ಏನೂ ಆಗುವುದಿಲ್ಲ. ಮಂಜು ಬಿದ್ದರೆ ಆ ಪೊರೆ ನೀರು ಕುಡಿದು ಸಣ್ಣಗೆ ಕರೆಂಟ್ ಬಿಡುತ್ತದೆ.

ಎಷ್ಟು ಸಣ್ಣಗೆ ಎಂದು ಲೆಕ್ಕ ಹಾಕಿದೆ. ಈ ಲೆಕ್ಕ ನನಗೆ ತುಂಬಾ ಇಷ್ಟವಾಯಿತು. ಲೋಡ್ ಸೆಲ್ ಒಳಗೆ ನಾಲ್ಕು ರೆಸಿಸ್ಟರ್‌ಗಳ ಸೇತುವೆ ಇದೆ, ಒಂದೊಂದೂ 350 ಓಮ್. ಕೆಂಪು, ಕಪ್ಪು ತಂತಿಗೆ 5 ವೋಲ್ಟ್ ಕೊಡುತ್ತೇವೆ. ಹಸಿರು, ಬಿಳಿ ತಂತಿಗಳ ನಡುವೆ ತೂಕದ ಸಿಗ್ನಲ್ ಬರುತ್ತದೆ. ಪೂರ್ತಿ ತೂಕ ಹೇರಿದಾಗ, ಕೊಟ್ಟ ಒಂದೊಂದು ವೋಲ್ಟಿಗೆ 2 ಮಿಲಿವೋಲ್ಟ್. ಅಂದರೆ 100 ಕೆಜಿ ಪೂರ್ತಿ ಹೇರಿದರೂ ಸಿಗುವುದು 10 ಮಿಲಿವೋಲ್ಟ್ ಮಾತ್ರ. 10 ಗ್ರಾಂ ಅಂದರೆ 1 ಮೈಕ್ರೋವೋಲ್ಟ್. ಈಗ ಕೆಂಪು ತಂತಿಯ ಬಿಂದುವಿಗೂ ಹಸಿರು ತಂತಿಯ ಬಿಂದುವಿಗೂ ನಡುವೆ ಪೊರೆಯ ಮೂಲಕ 10 ಮೆಗಾ ಓಮ್ ಸೋರಿಕೆ ಇದೆ ಅಂದುಕೊಳ್ಳಿ. ಹಸಿರು ತಂತಿ ಹೆಚ್ಚು ಕಡಿಮೆ 2.5 ವೋಲ್ಟಿನಲ್ಲಿರುತ್ತದೆ. ಹಾಗಾದರೆ ಸೋರುವ ಕರೆಂಟ್ 250 ನ್ಯಾನೋ ಆಂಪ್. ಸೇತುವೆಯ ಆ ಬದಿ 175 ಓಮಿನ ಹಾಗೆ ನಡೆದುಕೊಳ್ಳುತ್ತದೆ. ಗುಣಿಸಿದರೆ ಸುಮಾರು 44 ಮೈಕ್ರೋವೋಲ್ಟ್. ಅಂದರೆ 440 ಗ್ರಾಂ! ನಮ್ಮ ಡೇರಿಯ 120 ಗ್ರಾಂ ಬರಲು 36 ಮೆಗಾ ಓಮ್ ಸೋರಿಕೆ ಸಾಕು.

ನನ್ನ ಮಲ್ಟಿಮೀಟರ್ 20 ಮೆಗಾ ಓಮ್ ತನಕ ಮಾತ್ರ ಅಳೆಯುತ್ತದೆ. ಅದರ ಕಣ್ಣಿಗೆ ಅಲ್ಲಿ ಏನೂ ಇಲ್ಲ. ತಕ್ಕಡಿಯೇ ನನ್ನ ಮೀಟರಿಗಿಂತ ಸೂಕ್ಷ್ಮ. ಚಾರ್ಜರ್ ಬೋರ್ಡಿನಲ್ಲೋ ಮೋಟಾರ್ ಸ್ಟಾರ್ಟರಿನಲ್ಲೋ ಇಷ್ಟೇ ಸೋರಿಕೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಎಷ್ಟೋ ಜನ ರಿಪೇರಿಯವರು ಫ್ಲಕ್ಸ್ ಬಿಟ್ಟರೆ ಏನೂ ಆಗಲ್ಲ ಅನ್ನುತ್ತಾರೆ. ಅವರ ಕೆಲಸಕ್ಕೆ ಆ ಮಾತು ನಿಜವೇ ಇರಬಹುದು.

ಮುಚ್ಚಳ ಬಿಚ್ಚಿದ ಮೇಲೆ ಒಂದು ಪರೀಕ್ಷೆ ಮಾಡಿದೆ. ತಕ್ಕಡಿ ಹಚ್ಚಿ, ಒಳಗಿನ ಕೌಂಟ್, ಅಂದರೆ ಗ್ರಾಂಗೆ ತಿರುಗಿಸುವ ಮೊದಲಿನ ಅಂಕಿ, ತೋರಿಸುವ ಮೋಡ್‌ಗೆ ಹಾಕಿ, ಕನೆಕ್ಟರಿನ ಹತ್ತಿರ ಬಾಯಿ ತಂದು ಕನ್ನಡಕ ಒರೆಸುವಾಗ ಊದುವ ಹಾಗೆ ಹಾ ಎಂದು ಉಸಿರು ಬಿಟ್ಟೆ. ಕೌಂಟ್ ಎಗರಿಬಿತ್ತು. ಅರ್ಧ ನಿಮಿಷಕ್ಕೆ ಇಳಿಯಿತು. ಮತ್ತೆ ಊದಿದೆ, ಮತ್ತೆ ಏರಿತು. ಮೂರು ದಿನದಿಂದ ಹುಡುಕುತ್ತಿದ್ದದ್ದು ಕಣ್ಣೆದುರಿಗೆ ಕಂಡಾಗ ಮೈ ಜುಮ್ಮೆಂದಿತು. ಅಪ್ಪನನ್ನು ಕರೆದು ತೋರಿಸಿದೆ. ಅವರು ಕೂಡ ಬಗ್ಗಿ ಒಂದು ಸಲ ಊದಿದರು.

ಇನ್ನು ತೊಳೆಯುವ ವಿಷಯ. ಇಲ್ಲಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮೊದಲು ಬ್ಯಾಟರಿ ಬಿಚ್ಚಿ ದೂರ ಇಡಿ. ನಮ್ಮ ತಕ್ಕಡಿಯಲ್ಲಿ 6 ವೋಲ್ಟಿನ ಬ್ಯಾಟರಿ ಇರುತ್ತದೆ. ಐಪಿಎಗೆ ಬೆಂಕಿ ಬಹಳ ಬೇಗ ಹತ್ತುತ್ತದೆ, 12 ಡಿಗ್ರಿ ಸೆಲ್ಸಿಯಸ್‌ಗೇ ಅದರ ಆವಿ ಕಿಡಿ ಹಿಡಿಯುತ್ತದೆ. ಬಿಸಿ ಐರನ್ ಪಕ್ಕದಲ್ಲಿ ಇಟ್ಟುಕೊಂಡು ತೊಳೆಯಬೇಡಿ. ಕಿಟಕಿ ತೆರೆದಿರಲಿ. ಬೋರ್ಡ್ ಒದ್ದೆ ಇರುವಾಗ ಹಾಟ್ ಏರ್ ಗನ್ ಹಿಡಿಯುವವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ.

ಬಳಸುವ ಐಪಿಎ ನೂರಕ್ಕೆ 99 ಪಾಲಿನದ್ದಾಗಿರಬೇಕು. ಥಿನ್ನರ್ ಬೇಡ. ಅದು ಕನೆಕ್ಟರಿನ ಪ್ಲಾಸ್ಟಿಕ್ ಮೆತ್ತಗೆ ಮಾಡುತ್ತದೆ, ಡಿಸ್ಪ್ಲೇ ಮುಂದಿನ ಗಾಜಿನಂಥ ಪ್ಲಾಸ್ಟಿಕ್ ಮಂಕಾಗುತ್ತದೆ. ಬಜರ್, ಗುಂಡಿ ಒತ್ತುವ ಸ್ವಿಚ್, ಮುಚ್ಚಳವಿಲ್ಲದ ರಿಲೇ, ತಿರುಗಿಸುವ ಪ್ರಿಸೆಟ್, ಇವುಗಳ ಒಳಗೆ ದ್ರವ ಹೋಗಬಾರದು. ಹೋದರೆ ಕರಗಿದ ಫ್ಲಕ್ಸ್ ಒಳಗೆ ಸೇರಿ ಅಲ್ಲೇ ಒಣಗುತ್ತದೆ.

ಬೋರ್ಡನ್ನು ಓರೆಯಾಗಿ ನಿಲ್ಲಿಸಿಕೊಳ್ಳಿ. ಮೇಲಿನಿಂದ ಸಿರಿಂಜಿನಲ್ಲಿ ಐಪಿಎ ಬಿಡಿ, ಒಂದು ನಿಮಿಷ ನೆನೆಯಲಿ. ಮೆತ್ತಗಿನ ಬ್ರಷ್‌ನಲ್ಲಿ ಮೇಲಿನಿಂದ ಕೆಳಗೆ ಮಾತ್ರ ಉಜ್ಜಿ. ಮತ್ತೆ ಐಪಿಎ ಬಿಟ್ಟು, ಕೊಳೆ ನೀರು ಬೋರ್ಡಿನ ಕೆಳ ಅಂಚಿನಿಂದ ಹರಿದು ಹೊರಗೆ ಬೀಳುವ ಹಾಗೆ ಮಾಡಿ. ಅದು ಆರುವ ಮೊದಲೇ ನೂಲು ಬಿಡದ ಬಟ್ಟೆಯನ್ನು ಅಂಚಿಗೆ ಒತ್ತಿ ಹೀರಿಸಿ. ಇಡೀ ಕೆಲಸದ ಜೀವ ಇರುವುದು ಇಲ್ಲೇ. ಐಪಿಎ ಫ್ಲಕ್ಸನ್ನು ಮಾಯ ಮಾಡುವುದಿಲ್ಲ, ಕರಗಿಸುತ್ತದೆ ಅಷ್ಟೆ. ಕರಗಿದ್ದನ್ನು ಬೋರ್ಡಿನ ಮೇಲೇ ಆರಲು ಬಿಟ್ಟರೆ ಐಪಿಎ ಹಾರಿ ಕೊಳೆ ಅಲ್ಲೇ ಕೂರುತ್ತದೆ, ಮೊದಲಿಗಿಂತ ಅಗಲವಾಗಿ. ಉಜ್ಜಿದ ಬ್ರಷ್ಷನ್ನು ಬಾಟಲಿಗೆ ಅದ್ದಬೇಡಿ. ಒಂದು ಸಲ ಅದ್ದಿದರೆ ಬಾಟಲಿಯೇ ಫ್ಲಕ್ಸ್ ನೀರಾಗುತ್ತದೆ. ನಾನು ಒಂದು ಚಿಕ್ಕ ಸ್ಟೀಲ್ ಬಟ್ಟಲಿಗೆ ಬೇಕಾದಷ್ಟೇ ಸುರಿದುಕೊಳ್ಳುತ್ತೇನೆ, ಉಳಿದರೆ ಚೆಲ್ಲುತ್ತೇನೆ. ದುಬಾರಿ ಅನ್ನಿಸುತ್ತದೆ, ಆದರೂ ಚೆಲ್ಲುತ್ತೇನೆ.

ಡೇರಿ ಬೋರ್ಡಿಗೆ ಎರಡು ಸಲ ಹೀಗೆ ಮಾಡಿದರೂ ಬಿಳಿ ಪೊರೆ ಪೂರ್ತಿ ಹೋಗಲಿಲ್ಲ. ಉಪ್ಪಿನ ಜಾತಿಯವು ಐಪಿಎಗೆ ಸರಿಯಾಗಿ ಕರಗುವುದಿಲ್ಲ, ಅವಕ್ಕೆ ನೀರು ಬೇಕು. ಆದರೆ ಯಾವ ನೀರು? ನಮ್ಮ ಜಿಲ್ಲೆಯ ಬೋರ್‌ವೆಲ್ ಸಾವಿರ ಅಡಿ ದಾಟಿ ಹೋಗಿದೆ. ಆ ನೀರು ಕಾಸಿದ ಪಾತ್ರೆಯ ತಳ ನೋಡಿದರೆ ಸಾಕು, ಸುಣ್ಣ ಬಳಿದ ಹಾಗಿರುತ್ತದೆ. ಫ್ಲೋರೈಡ್ ಬೇರೆ. ಅದರಲ್ಲಿ ಬೋರ್ಡ್ ತೊಳೆದರೆ ಉಪ್ಪು ತೆಗೆದು ಉಪ್ಪು ಹಾಕಿದ ಹಾಗೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದೆ. ಉಗುರು ಬೆಚ್ಚಗೆ ಮಾಡಿ, ಬ್ರಷ್‌ನಲ್ಲಿ ಉಜ್ಜಿ, ತೊಳೆದೆ. ಆಮೇಲೆ ಹೊಸ ಐಪಿಎ ಬಿಟ್ಟು ನೀರನ್ನು ಓಡಿಸಿದೆ. ಚಿಪ್ಪಿನ ಎರಡು ಕಾಲುಗಳ ಹತ್ತಿರ ಇನ್ನೂ ಮಂಕಾಗಿತ್ತು. ಅಲ್ಲಿ ಒಳ್ಳೆಯ ರೋಸಿನ್ ಫ್ಲಕ್ಸ್ ಒಂದು ಹನಿ ಇಟ್ಟು, ಐರನ್ ತುದಿಯಿಂದ ಬೆಸುಗೆಯನ್ನು ಮತ್ತೊಮ್ಮೆ ಕರಗಿಸಿದೆ. ಹಳೇ ಪೊರೆ ಹೊಸ ಫ್ಲಕ್ಸಿನೊಳಗೆ ಕರಗಿ ಸೇರಿತು. ಬೋರ್ಡ್ ತಣ್ಣಗಾದ ಮೇಲೆ ಐರನ್ ದೂರ ಇಟ್ಟು, ಅಲ್ಲಿಗೆ ಐಪಿಎ ಬಿಟ್ಟರೆ ಎಲ್ಲ ಒಟ್ಟಿಗೆ ಹೋಯಿತು. ಕೊಳೆ ತೆಗೆಯಲು ಕೊಳೆಯನ್ನೇ ಹಚ್ಚುವುದು ವಿಚಿತ್ರ ಅನ್ನಿಸುತ್ತದೆ, ಆದರೆ ಇದು ನಿಜಕ್ಕೂ ಕೆಲಸ ಮಾಡುತ್ತದೆ.

ಒಣಗಿಸಲು ನನ್ನ ಹತ್ತಿರ ಓವನ್ ಇಲ್ಲ. ಐಪಿಎ ವಾಸನೆ ಪೂರ್ತಿ ಹೋಗುವ ತನಕ ಫ್ಯಾನಿನ ಕೆಳಗೆ ಇಟ್ಟೆ. ಆಮೇಲೆ ಹಳೇ ಬಿಸ್ಕತ್ ತಗಡಿನ ಡಬ್ಬಿಯಲ್ಲಿ 40 ವ್ಯಾಟಿನ ಹಳೇ ಮಾದರಿ ಬಲ್ಬ್ ಹಚ್ಚಿ, ಒಳಗೊಂದು ಥರ್ಮಾಮೀಟರ್ ಸಿಕ್ಕಿಸಿ, 50 ಡಿಗ್ರಿ ಆಸುಪಾಸಿನಲ್ಲಿ ಎರಡು ಗಂಟೆ ಇಟ್ಟೆ. ಚಿಪ್ಪಿನ ಅಡಿಯ ನೀರು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಅವಸರ ಮಾಡಬಾರದು.

ಆಮೇಲೆ ಉಸಿರಿನ ಪರೀಕ್ಷೆ. ಕೌಂಟ್ ಅಲ್ಲಾಡಲಿಲ್ಲ.

ಅಷ್ಟಕ್ಕೇ ನಂಬಲಿಲ್ಲ. ಅಕ್ಕಿ ತುಂಬುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಗೊಂಡು, ಅದರ ತಳದಲ್ಲಿ ಒದ್ದೆ ಟವೆಲ್ ಹಾಸಿ, ಮೇಲೊಂದು ಮರದ ಹಲಗೆ ಇಟ್ಟು, ಬೋರ್ಡನ್ನು ಆನ್ ಇದ್ದ ಹಾಗೇ ಅದರ ಮೇಲಿಟ್ಟು ಮುಚ್ಚಿದೆ. ಬಟ್ಟೆ ಬೋರ್ಡಿಗೆ ತಾಗಬಾರದು, ಮುಚ್ಚಳದಿಂದ ಹನಿ ಬೀಳಬಾರದು. ರಾತ್ರಿ ಒಂಬತ್ತಕ್ಕೆ, ಹನ್ನೊಂದಕ್ಕೆ, ಬೆಳಿಗ್ಗೆ ಐದಕ್ಕೆ ಎದ್ದು ಕೌಂಟ್ ಬರೆದುಕೊಂಡೆ. ತೂಕದ ಲೆಕ್ಕದಲ್ಲಿ 10 ಗ್ರಾಂ ಒಳಗೇ ಇತ್ತು. ಇದು ಈಗ ನಮ್ಮ ಅಂಗಡಿಯ ಕ್ರಮ. ತಕ್ಕಡಿ ಬೋರ್ಡಿಗೆ ಕೈ ಹಾಕಿದರೆ ಒಂದು ರಾತ್ರಿ ಆ ಡಬ್ಬಿಯಲ್ಲಿ ಕಳೆದ ಮೇಲೆಯೇ ಮುಂದಿನ ಕೆಲಸ.

ಕೆಲವರು ಕೇಳುತ್ತಾರೆ, ಮೇಲೆ ಕೋಟಿಂಗ್ ಹೊಡೆದರೆ ಸಾಲದಾ ಎಂದು. ಸ್ವಚ್ಛ ಮಾಡಿದ ಮೇಲೆ ಅಕ್ರಿಲಿಕ್ ಕೋಟಿಂಗ್ ಒಳ್ಳೆಯದೇ, ಡೇರಿ ಬೋರ್ಡಿಗೂ ಹೊಡೆದೆ. ಕೊಳೆಯ ಮೇಲೆ ಹೊಡೆದರೆ ಕೊಳೆಯನ್ನು ಒಳಗೆ ಕೂಡಿಹಾಕಿದ ಹಾಗೆ. ಕೋಟಿಂಗ್ ಮೂಲಕವೂ ನೀರಿನ ಆವಿ ಮೆಲ್ಲಗೆ ಒಳಗೆ ಹೋಗುತ್ತದೆ, ಒಳಗೆ ಉಪ್ಪು ಕಾದಿರುತ್ತದೆ. ಸದಾ ವೋಲ್ಟೇಜ್ ಇರುವ ಎರಡು ಬಿಂದುಗಳ ನಡುವೆ ಹೀಗೆ ಉಪ್ಪು, ತೇವ ಸೇರಿದರೆ ಲೋಹ ಕರಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜರೀಗಿಡದ ಎಲೆಯ ಹಾಗೆ ಬೆಳೆಯುತ್ತದೆ. ಭೂತಗನ್ನಡಿಯಲ್ಲಿ ನೋಡಲು ಚಂದ. ಎರಡು ಬದಿ ಕೂಡಿದ ದಿನ ಬೋರ್ಡ್ ಸಾಯುತ್ತದೆ.

ಹಾಗಂತ ಎಲ್ಲ ಬೋರ್ಡನ್ನೂ ತೊಳೆಯಿರಿ ಎಂದು ನಾನು ಹೇಳುತ್ತಿಲ್ಲ. ರೋಸಿನ್ ತುಂಬಿದ ಸೋಲ್ಡರ್ ತಂತಿಯಿಂದ ಮಾಡಿದ ಬೆಸುಗೆಯಲ್ಲಿ ಫ್ಲಕ್ಸಿಗೆ ಚೆನ್ನಾಗಿ ಬಿಸಿ ತಗಲಿರುತ್ತದೆ. ಬೆಸುಗೆಯ ಸುತ್ತ ಜೇನಿನ ಬಣ್ಣದ ಗಟ್ಟಿ ಉಂಗುರ ಕಾಣುತ್ತದೆ. ಚಾರ್ಜರ್, ಸ್ಟೆಬಿಲೈಸರ್, ಲೈಟಿನ ಬೋರ್ಡ್ ಆದರೆ ಅದನ್ನು ಹಾಗೇ ಬಿಡಿ. ಅದೇ ಅದಕ್ಕೆ ರಕ್ಷೆ. ಕೈ ಹಾಕಿದಿರೋ, ಪೂರ್ತಿ ತೊಳೆಯಿರಿ. ನಡುವೆ ನಿಲ್ಲಬೇಡಿ. ಬಿಟ್ಟ ಬೋರ್ಡೂ ಬದುಕುತ್ತದೆ, ತೊಳೆದ ಬೋರ್ಡೂ ಬದುಕುತ್ತದೆ, ಅರೆಬರೆ ಒರೆಸಿದ್ದು ಮಂಜಿನ ದಿನ ಕೈಕೊಡುತ್ತದೆ. ನೀರಿನಲ್ಲಿ ಕರಗುವ ಫ್ಲಕ್ಸ್ ಬಳಸಿದ್ದರಂತೂ ಬಿಡುವ ಮಾತೇ ಇಲ್ಲ, ಅದೇ ದಿನ ತೊಳೆಯಬೇಕು. ಅದರ ಆಮ್ಲ ಜೋರು.

ನೋ-ಕ್ಲೀನ್ ಅನ್ನುವುದು ಬಂದ ಕಥೆಯೂ ತಿಳಿದಿರಲಿ. ಮೊದಲು ಬೋರ್ಡ್‌ಗಳನ್ನು ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ದ್ರಾವಣದಲ್ಲಿ ತೊಳೆಯುತ್ತಿದ್ದರು. ಅದು ಓಝೋನ್ ಪದರಕ್ಕೆ ಹಾನಿ ಎಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಬಿಡಬೇಕಾಯಿತು. ತೊಳೆಯದೆ ಬಿಟ್ಟರೂ ಕೆಡದ ಫ್ಲಕ್ಸ್ ಬೇಕು ಎಂದು ಹುಡುಕಾಟ ಜೋರಾಗಿದ್ದು ಆಗ. ಅಂದರೆ ಆ ಹೆಸರಿನ ಅರ್ಥ ತೊಳೆಯುವ ಅಗತ್ಯ ಬಾರದಂತೆ ಮಾಡಿದ್ದಾರೆ ಎಂದು, ಅದೂ ಹೇಳಿದಷ್ಟೇ ಹಚ್ಚಿ, ಹೇಳಿದಷ್ಟು ಬಿಸಿ ಕೊಟ್ಟಾಗ. ಸಿರಿಂಜಿನಿಂದ ಬೇಕಾದಷ್ಟು ಹಿಂಡಿದರೂ ಆಗುತ್ತದೆ ಎಂದಲ್ಲ. ಏಳು ವರ್ಷ ಅದರ ಜೊತೆ ಕೆಲಸ ಮಾಡಿದ ನನಗೆ ಇದು ಚಿಂತಾಮಣಿಯ ಅಂಗಡಿಯಲ್ಲಿ ಕೂತಾಗ ಅರ್ಥವಾಯಿತು.

ಬೆಸುಗೆಯ ಹೊಗೆಯ ಬಗ್ಗೆಯೂ ಒಂದು ಮಾತು. ರೋಸಿನ್ ಹೊಗೆ ದಿನಾ ಕುಡಿದರೆ ಉಬ್ಬಸ ಬರುವ ಸಾಧ್ಯತೆ ಇದೆ. ಮೇಜಿನ ಮೇಲೆ ಹೊಗೆ ಎಳೆಯುವ ಹಾಗೆ ಒಂದು ಚಿಕ್ಕ ಫ್ಯಾನ್ ಇಟ್ಟುಕೊಳ್ಳಿ. ನಮ್ಮಲ್ಲಿ ಹಳೇ ಕಂಪ್ಯೂಟರಿನ ಫ್ಯಾನ್ ಇದೆ, ಅದನ್ನು ಹಚ್ಚದೆ ಯಾವ ಹುಡುಗನೂ ಐರನ್ ಮುಟ್ಟುವ ಹಾಗಿಲ್ಲ.

ತಕ್ಕಡಿಯ ಮುದ್ರೆ ಒಡೆದಿದ್ದರಿಂದ ಮತ್ತೆ ತಪಾಸಣೆ ಆಗಬೇಕಿತ್ತು. ಆ ಶುಲ್ಕ ನಾನೇ ಕಟ್ಟಿದೆ. ಮುದ್ರೆಯಾದ ಮೇಲೆ ಡೇರಿಗೆ ತಂದಿಟ್ಟು, ಮರುದಿನ ಬೆಳಿಗ್ಗೆ ಐದೂವರೆಗೆ ಮತ್ತೆ ಹೋದೆ. ಅವತ್ತು ಮಂಜು ಇನ್ನೂ ದಟ್ಟ. ಮೊದಲ ಕ್ಯಾನಿನಿಂದ ಕೊನೆಯ ಕ್ಯಾನಿನ ತನಕ ನಿಂತು ನೋಡಿದೆ. ಒಬ್ಬರ ಹಾಲಿಗೂ ಇನ್ನೊಬ್ಬರ ಹಾಲಿಗೂ ನಡುವೆ ಪ್ರತಿ ಸಲ ಸೊನ್ನೆ. ಅಜ್ಜಿಯ ಹಾಲು 2 ಕೆಜಿ 60 ಗ್ರಾಂ ಬಂತು. ಸೆಕ್ರೆಟ್ರಿ ಬರೆದುಕೊಂಡರು. ಅಜ್ಜಿ ಕ್ಯಾನು ತೊಳೆದುಕೊಂಡು ಹೋದರು.

ಮನೆಗೆ ಬಂದು ರಿಪೇರಿ ಪುಸ್ತಕ ತೆಗೆದೆ. ಅದೇ ಸಿರಿಂಜ್, ಅದೇ ಸ್ಯಾನಿಟೈಸರ್ ಬಳಸಿದ ತಕ್ಕಡಿಗಳು ಎಷ್ಟು ಎಂದು ನವೆಂಬರಿನಿಂದ ಹುಡುಕಿದೆ. ಇನ್ನೂ ಮೂರು ಇದ್ದವು. ಮೂವರಿಗೂ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಎರಡು ವಾಪಸ್ ಬಂದವು, ಎರಡರಲ್ಲೂ ಬಿಳಿ ಪೊರೆ ಇತ್ತು, ತೊಳೆದು ಡಬ್ಬಿಯಲ್ಲಿಟ್ಟಿದ್ದೇನೆ. ಮೂರನೆಯದು ಒಬ್ಬ ಹುಣಸೆಹಣ್ಣಿನ ವ್ಯಾಪಾರಿಯ ಹತ್ತಿರ ಇದೆ. ಚೆನ್ನಾಗೇ ನಡೀತಿದೆ, ಬಿಡಮ್ಮ ಅನ್ನುತ್ತಿದ್ದಾರೆ. ಮುದ್ರೆಯಾದ ಇನ್ನೊಂದು ತಕ್ಕಡಿ ಬೈಕಿಗೆ ಕಟ್ಟಿಕೊಂಡು ಭಾನುವಾರ ನಾನೇ ಹೋಗಿ ಅದನ್ನು ತರುತ್ತೇನೆ.